ಗುಂಡಿಯ ಮೇಲೊಂದು ವಾಸ್ತು

ಹಳೆಯ ಮನೆಯನ್ನು ಕೊಳ್ಳಲು ಬಂದವನು ಮೊದಲು ಸೂರಿನ ಕಡೆ ಕತ್ತೆತ್ತುತ್ತಾನೆ, ಆಮೇಲೆ ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟುತ್ತಾನೆ, ಕೊನೆಗೆ ಏನೋ ತಿಳಿದವನಂತೆ ‘ಹ್ಞೂಂ’ ಅನ್ನುತ್ತಾನೆ, ನೀವೂ ನೋಡಿರುತ್ತೀರಿ. ಗೋಡೆ ಏನು ಹೇಳಿತೆಂದು ಯಾರೂ ಅವನನ್ನು ಕೇಳುವುದಿಲ್ಲ. ಕೇಳಿದರೆ ಅವನ ಬಳಿ ಉತ್ತರವೂ ಇರುವುದಿಲ್ಲ. ಇದನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಹಾಗೆ ತಟ್ಟಿಕೊಂಡೇ ನಾನು ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಮಾರಿಕೊಂಡು ಬಂದವನು.

ನಾನು ಓದಿದ್ದು ಹೈಸ್ಕೂಲು. ಸಿಮೆಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ಮೂಟೆಗಳ ನಡುವೆ ಕೂತು ಕೂತು, ನಾನೂ ಅರ್ಧ ಎಂಜಿನಿಯರ್ ಎಂಬ ನಂಬಿಕೆ ಬೆಳೆದುಬಿಟ್ಟಿತು. ಇನ್ನರ್ಧ ಗಾರೆ ಮೇಸ್ತ್ರಿ ಮಾದೇಶನದು. ಯಾವ ಮನೆ ತೋರಿಸಿದರೂ ಅವನು “ಆಯ್ತದೆ ಬುಡಿ ಸಾ” ಅನ್ನುತ್ತಿದ್ದ. ಎಷ್ಟರಲ್ಲಿ ಆಗುತ್ತದೆ ಎಂಬುದು ಮಾತ್ರ ಆ ಮಾತಿನಲ್ಲಿ ಇರುತ್ತಿರಲಿಲ್ಲ. ಹನೂರಿನಲ್ಲಿ ಒಂದೇ ಒಂದು ತೊಲೆ ಬದಲಿಸಲು ಹೋದೆವು, ಆ ತೊಲೆಯನ್ನು ಅಗಲಿರಲಾರದೆ ಇಡೀ ಹೆಂಚಿನ ಸೂರೇ ಕೆಳಗಿಳಿದು ಬಂತು. ಯಳಂದೂರಿನಲ್ಲಿ ಒಂದು ಗೋಡೆಗೆ ಬಣ್ಣ ಬಳಿಸಿದೆ. ಪಕ್ಕದ ಬಾಗಿಲು ತೀರಾ ಮುದಿಯಾಗಿ ಕಂಡಿತು, ಬಾಗಿಲು ಹೊಸದಾದಾಗ ಕಿಟಕಿಗೆ ಅವಮಾನವಾಯಿತು, ಕೊನೆಗೆ ಹಿತ್ತಲಿನ ದನದ ಕೊಟ್ಟಿಗೆಗೂ ಡಿಸ್ಟೆಂಪರ್ ಬಳಿಸಬೇಕಾಯಿತು. ಇಷ್ಟಾದರೂ ನನ್ನ ಅಂದಾಜಿನ ಮೇಲೆ ನನಗಿದ್ದ ಗೌರವ ಕಡಿಮೆಯಾಗಲಿಲ್ಲ.

ಅದು ಕಡಿಮೆಯಾದದ್ದು ಕೊಳ್ಳೇಗಾಲದ ಒಂದು ಮನೆಯಲ್ಲಿ. ಅದು ಹಿಂದೆ ರೇಷ್ಮೆ ಸೀರೆ ನೇಯುತ್ತಿದ್ದವರ ಮನೆ. ಅಂಥ ಮನೆಗಳ ನಡುಮನೆಯ ನೆಲದಲ್ಲಿ ಒಂದು ಗುಂಡಿ ಇರುತ್ತಿತ್ತು. ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದರು. ಮಗ್ಗ ಹೋದ ಮೇಲೆ ಯಾರೋ ಆ ಗುಂಡಿಗೆ ಬೂದಿ, ಮುರುಕು ಹೆಂಚು, ಕಸಕಡ್ಡಿ ತುಂಬಿ ಮೇಲೆ ತೆಳ್ಳಗೆ ಗಾರೆ ಎಳೆದಿದ್ದರು. ಊರಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ನಾನು ಸೂರು ನೋಡಿದೆ, ಗೋಡೆ ತಟ್ಟಿದೆ. ನೆಲವನ್ನು, ಅದು ಹೇಗೂ ಕಾಲ ಕೆಳಗೇ ಇದೆಯಲ್ಲ ಎಂದು, ಗಮನಿಸಲಿಲ್ಲ. ಹೊಳೆಯುವ ಟೈಲ್ಸ್ ಹಾಕಿಸಿ ಮುಗಿಸಿದ ಮೇಲೆ ನಡುಮನೆಯಲ್ಲಿ ಕಾಲಿಟ್ಟರೆ ಡಬ್ ಡಬ್ ಎಂದು ಮೃದಂಗದ ಸದ್ದು.

“ಒಡ್ದಾಕಿ, ಕಸ ತಗ್ದು, ಜಲ್ಲಿ ತುಂಬಿ ಗಟ್ಟಿಯಾಗಂಗೆ ದಮ್ಮಸ್ಸು ಒಡೀಬೇಕು ಸಾ,” ಅಂದ ಮಾದೇಶ.

“ನನ್ ಲಾಭ?”

“ಅದೂ ಗುಂಡಿಗೇ ಓಯ್ತದೆ.”

ನಾನು ಒಡೆಸಲಿಲ್ಲ. ಆ ವಾರವೇ ಆಸ್ಪತ್ರೆಯ ನರ್ಸ್ ಸರೋಜ ತನ್ನ ಅತ್ತೆ ಗೌರಮ್ಮನವರನ್ನು ಕರೆದುಕೊಂಡು ಮನೆ ನೋಡಲು ಬಂದಳು. ಗೌರಮ್ಮನವರು ಸೀದಾ ಆ ಜಾಗದ ಹತ್ತಿರ ಹೋಗಿ, “ಇಲ್ಲಿ ನನ್ ಮಂಚ ಆಕ್ಸವ್ವ, ಗಾಳಿ ಬತ್ತದೆ,” ಅಂದರು.

“ಬ್ಯಾಡ ಕಣವ್ವ!” ಎಂದು ನಾನು ಹೆಚ್ಚುಕಡಿಮೆ ಕೂಗಿದೆ. “ಇದು ಮನೆಯ ನಾಭಿ. ಶಕ್ತಿ ಇರೋ ಜಾಗ. ಇಲ್ಲಿ ಭಾರ ಇಡಬಾರದು, ಖಾಲಿ ಬುಡಬೇಕು. ವಾಸ್ತು!”

ವಾಸ್ತುಶಾಸ್ತ್ರದ ಒಂದು ಪುಟವನ್ನೂ ನಾನು ಓದಿದವನಲ್ಲ. ಗೌರಮ್ಮನವರು ಟೈಲ್ಸಿಗೆ ಕೈಮುಗಿದರು, ಮನೆ ಮಾರಾಟವಾಯಿತು. ನಾಚಿಕೆಯ ಸಂಗತಿಯೆಂದರೆ ನನ್ನ ಶಾಸ್ತ್ರ ಆ ಬೀದಿಯಲ್ಲಿ ನನಗಿಂತ ಚೆನ್ನಾಗಿ ಬಾಳಿತು. ಜನ ನಡುಮನೆಯ ಬೀರುಗಳನ್ನು ಮೂಲೆಗೆ ತಳ್ಳಿದರು. ಒಬ್ಬಾತ ಸಂತೆಯಲ್ಲಿ ನನ್ನ ಕೈಹಿಡಿದು, “ನಮ್ಮನೆ ನಾಭಿ ಎಲ್ಲದೆ ಅಂತ ವಸಿ ನೋಡ್ಬುಡಿ ಸಾ,” ಎಂದು ಬೇಡಿಕೊಂಡ. ಅಂದಿನಿಂದ ನಾನು ತರಕಾರಿಗೂ ಸುತ್ತುಬಳಸಿ ಹೋಗತೊಡಗಿದೆ.

ಹೀಗಿರುವಾಗ ಸರೋಜಳಿಗೆ ಗಂಡುಮಗುವಾಯಿತು. ನಾಮಕರಣಕ್ಕೆ ಕರೆಯಲು ಗೌರಮ್ಮನವರೇ ಬಂದರು. “ತೊಟ್ಲ ನೀವ್ ತೋರ್ಸಿದ್ ಜಾಗದಲ್ಲೇ ಇಡ್ತೀವಿ ಸಾ. ಮಗೀಗೆ ಎಂಥಾ ಭಾರ? ಶಕ್ತಿನಾರ ಬತ್ತದೆ.”

ಮಗುವಿಗೆ ಭಾರವಿಲ್ಲ, ನಿಜ. ತೊಟ್ಟಿಲು ತೂಗಲು ಸುತ್ತ ನೆರೆಯುವ ಹೆಂಗಸರಿಗೆ ಇದೆಯಲ್ಲ! ಬೇಡವೆಂದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಸುಮ್ಮನೆ ತಲೆಯಾಡಿಸಿ ಕಳಿಸಿದ್ದೆ. ಆ ದಿನ ನಾನು ಹೋಗುವ ಹೊತ್ತಿಗೆ ತೊಟ್ಟಿಲು ಗುಂಡಿಯ ಮೇಲೆ ಹೂ ಮುಡಿದು ನಿಂತಿತ್ತು, ಮಗು ಅದರೊಳಗಿತ್ತು, ಇಡೀ ಬೀದಿಯೇ ಅದರತ್ತ ನುಗ್ಗುತ್ತಿತ್ತು.

“ಎಲ್ಲಾ ಇತ್ಲಾಗ್ ಬನ್ನಿ! ಮಗೀನ ಎತ್ಕಳಿ!” ಎಂದು ಕಿರುಚಿದೆ.

“ಯಾಕ್ಸಾ, ಗಳಿಗೆ ಸರಿ ಇಲ್ವಾ?” ಎಂದರು ಗೌರಮ್ಮನವರು.

ಹೌದು ಅಂದಿದ್ದರೆ ಸಾಕಿತ್ತು. ಜನ ಸರಿಯುತ್ತಿದ್ದರು, ಮಗು ಉಳಿಯುತ್ತಿತ್ತು, ನನ್ನ ಪಾಂಡಿತ್ಯವೂ ಉಳಿದು ಅದಕ್ಕೊಂದು ಲೋಟ ಕಾಫಿಯೂ ಸಿಗುತ್ತಿತ್ತು. ಆ ‘ಹೌದು’ ನಾಲಿಗೆಯ ತುದಿಗೆ ಬಂದಿತ್ತೆಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ. ಆದರೆ ಗೌರಮ್ಮನವರು ನನ್ನ ಉತ್ತರಕ್ಕೂ ಕಾಯದೆ, ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ, ಮಗುವನ್ನು ಎತ್ತಿಕೊಂಡಿದ್ದರು. ಅದನ್ನು ನೋಡಿದ ಮೇಲೆ ಇನ್ನೊಂದು ಸುಳ್ಳಿಗೆ ಬಾಯಿ ಬರಲಿಲ್ಲ.

“ಗಳಿಗೆ ಅಲ್ಲ ಕಣವ್ವ. ಕೆಳಗೆ ಮಗ್ಗದ ಗುಂಡಿ ಅದೆ, ಟೊಳ್ಳು. ಮಾರುವಾಗಲೇ ನಂಗೆ ಗೊತ್ತಿತ್ತು.”

“ವಾಸ್ತು?”

“ಅದು ನಾನೇ ಕಟ್ಟಿದ್ದು.”

ಗೌರಮ್ಮನವರು ನನ್ನನ್ನೇ ದಿಟ್ಟಿಸಿದರು. “ದಿನಾ ಸಂಜೆ ಅಲ್ಲಿ ದೀಪ ಅಚ್ಚಿವ್ನಿ ಕಣಯ್ಯಾ! ನಿನ್ ಗುಂಡಿಗೆ ಆರತಿ ಎತ್ತಿವ್ನಿ!”

ಒಂದೇ ಮಾತಿನಲ್ಲಿ ನಾನು ‘ಸಾ’ನಿಂದ ‘ಅಯ್ಯ’ನಿಗೆ ಇಳಿದೆ. ಹೆಂಗಸರು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಸರೋಜ ನಗಲಿಲ್ಲ, ನನ್ನ ಕಡೆ ನೋಡದೆಯೇ ತೊಟ್ಟಿಲನ್ನು ಜಗಲಿಗೆ ಸಾಗಿಸಿದಳು. ನಾಮಕರಣ ಅಲ್ಲೇ ನಡೆಯಿತು. ನನ್ನನ್ನು ಯಾರೂ ಹೋಗೆನ್ನಲಿಲ್ಲ, ಕೂರೆಂದೂ ಅನ್ನಲಿಲ್ಲ.

ಮರುದಿನವೇ ಮಾದೇಶನನ್ನು ಕರೆತಂದು ನನ್ನ ಖರ್ಚಿನಲ್ಲಿ ನೆಲ ಒಡೆಸಿದೆ. ಅವನು ಹೇಳಿದಂತೆಯೇ ಲಾಭ ಗುಂಡಿಗೆ ಹೋಯಿತು. ದಮ್ಮಸ್ಸಿನ ಪ್ರತಿ ಏಟಿಗೂ ಒಂದು ವಿಚಾರ ನನ್ನೊಳಗೂ ಗಟ್ಟಿಯಾಗುತ್ತಿತ್ತು. ಮರಳು, ಜಲ್ಲಿ, ಕೂಲಿ ಎಲ್ಲವನ್ನೂ ಅಂದಾಜಿಗೆ ಹಿಡಿಯುತ್ತಿದ್ದ ನಾನು, ಆ ನೆಲದ ಮೇಲೆ ಮುಂದೆ ಯಾರು ಮೈಚಾಚುತ್ತಾರೆ ಎಂಬುದನ್ನು ಒಮ್ಮೆಯೂ ಹಿಡಿದಿರಲಿಲ್ಲ.

ಹೊಸ ಟೈಲ್ಸ್ ಒಣಗಿದ ಮೇಲೆ ಗೌರಮ್ಮನವರು ಮಂಚವನ್ನು ಎಳೆಸಿ ಅಲ್ಲಿ ಹಾಕಿಸಿದರು. “ಮೊದ್ಲು ನೀನೇ ಮನೀಕೊ, ನೋಡಾವ,” ಅಂದರು. ಬೀದಿಯ ಹೆಂಗಸರು ಬಾಗಿಲಲ್ಲಿ ನೆರೆದಿದ್ದರು. ನಾನು ಚಪ್ಪಲಿ ಕಳಚಿ, ನಡುಮನೆಯ ನಟ್ಟನಡುವೆ, ಪ್ರದರ್ಶನಕ್ಕಿಟ್ಟ ವಸ್ತುವಿನಂತೆ ಅಂಗಾತ ಮಲಗಿದೆ. ಅವರು ಮಂಚದ ಕಾಲನ್ನು ಹಿಡಿದು ಎರಡೂ ಕಡೆಯಿಂದ ಜಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಮಗುವನ್ನು ತಂದು ನನ್ನ ಪಕ್ಕಕ್ಕೆ ಮಲಗಿಸಿದರು.

“ಒಲೆ ಮೇಲೆ ಆಲು ಉಕ್ಕೋಯ್ತದೆ. ನಾನ್ ಬರೋಗಂಟ ಅಲ್ಲಾಡ್ದೆ ಬಿದ್ದಿರು,” ಎಂದು ಹೇಳಿ ಅಡುಗೆಮನೆಗೆ ಹೋದರು.

ನಾನು ಅಲ್ಲಾಡಲಿಲ್ಲ.