ತಾರವ್ವ ತೆಗೆದ ಮುಳ್ಳು

ತೋಳ ಬಂದರೆ ಬಡಿಗೆ ಹಿಡಿದು ಎದುರು ನಿಲ್ಲುವ ತಾರವ್ವ ಖಾಕಿ ಅಂಗಿ ಕಂಡರೆ ಮಾತ್ರ ಗಡಗಡ ನಡುಗುತ್ತಾಳೆ. ಸತ್ತಿ ಎಂಬ ಊರಿನಿಂದ ಅನಂತಪುರದ ಕುರಿಗಾರರ ವಸ್ತಿಗೆ ಸೊಸೆಯಾಗಿ ಬಂದ ವರ್ಷವೇ, ಕುರಿಗೆಂದು ಜಾಲಿ ಟೊಂಗೆ ಕಡಿಯುವಾಗ ಫಾರೆಸ್ಟಿನ ಗಾರ್ಡನ ಕೈಗೆ ಸಿಕ್ಕಿದ್ದಳು. ಕುಡಗೋಲೂ ಹೋಯಿತು, ನಾಲ್ಕು ಜನರ ಮುಂದೆ ಮಾನವೂ ಹೋಯಿತು. ಆ ಹೆದರಿಕೆ ಮೈಯೊಳಗೆ ಹೊಕ್ಕಿದ್ದು ಇವತ್ತಿಗೂ ಹೊರಬಿದ್ದಿಲ್ಲ. ನಗುವವರು ನಗಲಿ, ಹೆದರಿಕೆಗೆ ಬುದ್ಧಿ ಹೇಳಿದರೆ ಅದೇನು ಕೇಳುತ್ತದೆಯೇ?

ವಸ್ತಿಯವರು ಸತ್ತವರನ್ನು ಹೂಳುವುದೂ ಅದೇ ಫಾರೆಸ್ಟ್ ಗುಡ್ಡದ ಓರೆಯಲ್ಲಿ. ದೊಡ್ಡವರಿಗೆ ಕಲ್ಲು ನಿಲ್ಲಿಸುತ್ತಾರೆ. ಹಲ್ಲು ಬರುವ ಮೊದಲೇ ಹೋದ ಕೂಸುಗಳಿಗೆ ಕಲ್ಲಿಡುವ ರೂಢಿಯಿಲ್ಲ. ನರಿ ಕೆದರಬಾರದೆಂದು ಮೇಲೆ ಮುಳ್ಳಿನ ಗುಪ್ಪೆ ಒಟ್ಟುತ್ತಾರೆ, ಅಷ್ಟೇ. ತಾರವ್ವನ ಚೊಚ್ಚಲ ಮಗಳೂ ಅಲ್ಲೇ ಇದ್ದಾಳೆ, ಬೋರಿ ಗಿಡದ ಬುಡಕ್ಕೆ. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸು, ಹೆಸರೂ ಇಟ್ಟಿರಲಿಲ್ಲ. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲವೆಂದು ಗಂಡ ಬಾಳಾಸಾಬನೇ ಎತ್ತಿಕೊಂಡು ಹೋಗಿ ಹೂತು ಬಂದ. ಆಮೇಲೆ ಆ ಸುದ್ದಿ ಅವನ ಬಾಯಿಂದ ಬರಲೇ ಇಲ್ಲ. ಕುರಿ ಮೇಯಿಸುವ ನೆಪದಲ್ಲಿ ತಾರವ್ವ ಆ ಜಾಗ ಗುರುತು ಹಿಡಿದು, ಮುಳ್ಳು ಹಳತಾದಂತೆಲ್ಲ ಹೊಸದು ಹಾಕುತ್ತ ಬಂದಳು. ಈಗ ಅವಳ ತಲೆ ಬೆಳ್ಳಗಾಗಿದೆ.

ಮೊನ್ನೆ ಪಂಚಾಯ್ತಿ ಮೆಂಬರ ಸತ್ತೆಪ್ಪ ಸುದ್ದಿ ತಂದ. "ಫಾರೆಸ್ಟಿನ್ಯಾಗ ಇರೋ ಸಣ್ಣ ಸಣ್ಣ ಸ್ಮಶಾನ ಎಲ್ಲಾ ಆಯಾ ವಸ್ತಿಯವರಿಗೆ ಬಿಟ್ಟ ಕೊಡ್ತಾರಂತ. ನಾಳೆ ಸರ್ವೆಕ್ಕ ಬರ್ತಾರ. ಗಿಡಾ ಕಡದಿದ್ದು ಗಿಡದಿದ್ದು ಏನೂ ಅವರ ಕಣ್ಣಿಗಿ ಬೀಳಬಾರದು ಮತ್ತ!"

ಎಲ್ಲರೂ ಹಿಗ್ಗಿದರು. ತಾರವ್ವನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಅವಳ ಗುಪ್ಪೆಯ ಮೇಲಿನ ಜಾಲಿ ಇನ್ನೂ ಹಸಿರಿತ್ತು. ಕೇಸಾದರೆ? ತನ್ನೊಬ್ಬಳಿಂದ ಇಡೀ ವಸ್ತಿಗೇ ಜಾಗ ತಪ್ಪಿದರೆ? ಕುರಿ ಹೊಡೆದುಕೊಂಡು ಬರುವಾಗ ಒಂದೊಂದೇ ಟೊಂಗೆ ಎಳೆದು ಹಳ್ಳಕ್ಕೆ ಎಸೆದಳು.

ಮರುದಿನ ಸರ್ವೆಯವರು ಬಂದರು, ಜೊತೆಗೆ ಖಾಕಿ ತೊಟ್ಟ ಫಾರೆಸ್ಟಿನವನೊಬ್ಬ. ಗಂಡಸರು ಅವರ ಹಿಂದೆ, ಹೆಂಗಸರು ದೂರ ದಿಬ್ಬದ ಮೇಲೆ. ಕಲ್ಲಿದ್ದ ಜಾಗ ಒಳಗೆ, ಮುಳ್ಳಿನ ಗುಪ್ಪೆಯಿದ್ದ ಜಾಗ ಒಳಗೆ. ಅದರ ಹೊರಗಿಂದ ಸುಣ್ಣದ ಪುಡಿಯ ಗೆರೆ.

"ಗೆರಿ ಆಚೆಕ ಸಸಿ ಹಚ್ಚಾಕ ಜೆಸಿಬಿ ತಂದು ಗುಂಡಿ ತೋಡ್ತಾರಂತ," ಎಂದಳು ಪಕ್ಕದಲ್ಲಿ ನಿಂತಿದ್ದ ಚಂದ್ರಮತಿ.

ತಾರವ್ವ ಕತ್ತು ಉದ್ದ ಮಾಡಿ ನೋಡಿದಳು. ಗೆರೆ ಬೋರಿ ಗಿಡವನ್ನು ಹೊರಗೆ ಬಿಟ್ಟು ತಿರುಗುತ್ತಿತ್ತು. ಅಯ್ಯೋ ಶಿವನೇ, ಎಂಥ ಕೆಲಸ ಮಾಡಿಬಿಟ್ಟೆ! ಬೇರೆಯವರ ಕೂಸುಗಳ ಮೇಲೆ ಒಣಮುಳ್ಳಾದರೂ ಇತ್ತು. ತನ್ನ ಕೂಸಿನ ಗುರುತನ್ನು ತಾನೇ ಕೈಯಾರೆ ಅಳಿಸಿದ್ದಳು.

ಅವಳು ಓಡಿದಳು. "ಹೆಣ್ಮಕ್ಕಳು ಇತ್ತ ಬರಬಾರದು!" ಎಂದು ಯಾರೋ ಕೂಗಿದರು. ಬೋರಿ ಗಿಡದ ಬುಡದಲ್ಲಿ ಹೋಗಿ ಕೂತೇಬಿಟ್ಟಳು.

"ಇಲ್ಲಿ ನನ್ನ ಮಗಳು ಅದಾಳ್ರಿ ಸಾಹೇಬ್ರ."

ಖಾಕಿಯವನು ಬಗ್ಗಿ ನೋಡಿದ. "ಗುರುತು ಏನೂ ಇಲ್ಲಲ್ಲ ಯವ್ವಾ?"

"ಮುಳ್ಳಿತ್ರಿ. ನಿಮಗ ಹೆದರಿ ನಾನಽ ತಗದ್ನಿ. ಹಸಿ ಜಾಲಿ ಕಡದಿದ್ನಿ. ಬೇಕಾದ್ರ ಕೇಸ್ ಹಾಕ್ರಿ, ಗುಂಡಿ ಮಾತ್ರ ತೋಡಬ್ಯಾಡ್ರಿ."

ಖಾಕಿಯವನು ಸತ್ತೆಪ್ಪನ ಮುಖ ನೋಡಿದ. ಸತ್ತೆಪ್ಪನಿಗಾದರೂ ಏನು ಗೊತ್ತು? ಗೊತ್ತಿದ್ದವನು ಒಬ್ಬನೇ, ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದವನು. ಬಾಳಾಸಾಬ ಗುಂಪಿನಿಂದ ಹೊರಬಂದ. ಬೈಯುತ್ತಾನೆಂದು ತಾರವ್ವ ತಲೆ ತಗ್ಗಿಸಿದಳು. ಅವನು ಹಳ್ಳಕ್ಕಿಳಿದು, ಅವಳು ಎಸೆದಿದ್ದ ಜಾಲಿ ಟೊಂಗೆಯನ್ನೇ ಎಳೆದು ತಂದು ಅವಳ ಪಕ್ಕ ಹಾಕಿದ.

"ಖರೆ ಐತ್ರಿ. ನಾನಽ ಮಣ್ಣ ಕೊಟ್ಟೀನಿ." ಟೊಂಗೆಯನ್ನು ಗಿಡದ ಬುಡಕ್ಕೆ ಸರಿಸುತ್ತ, "ಗಂಗಾ ಅಂತ ಹೆಸರ್ರಿ," ಎಂದ.

ತಾರವ್ವ ತಲೆಯೆತ್ತಿ ಗಂಡನನ್ನು ನೋಡಿದಳು. ಮಗಳಿಗೆ ಹೆಸರಿದೆಯೆಂದು ಅವಳಿಗೆ ಗೊತ್ತಾದದ್ದೇ ಆಗ.

ಖಾಕಿಯವನು ಕೈಸನ್ನೆ ಮಾಡಿದ. ಸುಣ್ಣ ಹಾಕುತ್ತಿದ್ದವನು ತನ್ನ ಗೆರೆಯನ್ನು ಕಾಲಿನಿಂದ ಅಳಿಸಿ, ಬೋರಿ ಗಿಡದ ಹೊರಗಿಂದ ಹೊಸದಾಗಿ ಎಳೆಯತೊಡಗಿದ.

"ಆತಲ್ಲ ಯವ್ವಾ, ಏಳಿನ್ನ," ಎಂದ ಸತ್ತೆಪ್ಪ.

"ತಡಿಯೋ ಯಪ್ಪಾ," ಎಂದಳು ತಾರವ್ವ, ಇನ್ನೂ ನಡುಗುತ್ತಲೇ. "ಗೆರಿ ಕೂಡ್ಲಿ."

ಗೆರೆಯ ಎರಡೂ ತುದಿ ಕೂಡಿದ್ದನ್ನು ಕಣ್ಣಾರೆ ನೋಡುವವರೆಗೂ ಅವಳು ಗಂಗಾಳನ್ನು ಬಿಟ್ಟು ಏಳಲಿಲ್ಲ.