ಫಿಲೋಮಿನಾ ಎತ್ತಿದ ಕುರ್ಚಿ

ಆನೆಕೊಂಡದ ಫಿಲೋಮಿನಾ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ. ರಕ್ತ ಒರೆಸುವುದು ಅವಳಿಗೆ ಹೊಸದಲ್ಲ. ತನ್ನ ತಮ್ಮ ಚೌರಿಯ ರಕ್ತವನ್ನು ಮಾತ್ರ ಒರೆಸಲಾಗಲಿಲ್ಲ. ಅದು ದಾವಣಗೆರೆಯ ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲೇ ಒಣಗಿಹೋಗಿತ್ತು. ಬೈಕಿಗೆ ಬೈಕು ತಾಗಿ ಶುರುವಾದ ಜಗಳ. ಶಾಮನೂರಿನ ಬಕ್ಕೇಶ್ ಎಂಬ ಹುಡುಗ ಚಾಕು ತೆಗೆದು ಚೌರಿಯ ಹೊಟ್ಟೆಗೆ ಇರಿದ. ಬಿದ್ದ ಮೇಲೆ ಕುತ್ತಿಗೆಗೂ ಇರಿದ. ಸುತ್ತ ನಿಂತವರಲ್ಲಿ ಒಬ್ಬರೂ ಬಿಡಿಸಲಿಲ್ಲ. ಚೌರಿ ಕುತ್ತಿಗೆ ಅದುಮಿಕೊಂಡು ಎದ್ದು, ತಡವರಿಸುತ್ತ ನಡೆದು, ಎಳನೀರಿನ ಗಾಡಿಯ ಮೇಲೆ ಕುಸಿದು ಸತ್ತ. ಬಕ್ಕೇಶನಿಗೆ ಜೈಲಾಯಿತು.

ಅಲ್ಲಿಂದಾಚೆ ಫಿಲೋಮಿನಾ ಚರ್ಚಿನ ಕಡೆ ತಲೆ ಹಾಕಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹರಿಹರದ ಚರ್ಚೊಂದಕ್ಕೆ ಹೊಸದಾಗಿ ಬಂದ ಫಾದರ್ ಇನ್ನಾಸಪ್ಪ ಭಾನುವಾರದ ಪೂಜೆಯ ನಂತರ ಕಾದಂಬರಿ ಓದುವ ಕೂಟ ಶುರುಮಾಡಿದಾಗ, ಆಸ್ಪತ್ರೆಯ ಗೆಳತಿ ನುಜತ್ ಅವಳನ್ನು ಎಳೆದುಕೊಂಡು ಹೋದಳು. ಯಾರು ಬೇಕಾದರೂ ಬರಬಹುದಾದ ಕೂಟ. ತಪ್ಪು ಯಾರದು, ದೇವರು ಆಗ ಎಲ್ಲಿದ್ದ ಎಂದು ಕಥೆಯ ನೆಪದಲ್ಲಿ ಜಗಳವಾಡಬಹುದಿತ್ತು. ಪ್ರಾರ್ಥನೆಯಲ್ಲಿ ಕೇಳಲಾಗದ್ದನ್ನು ಫಿಲೋಮಿನಾ ಅಲ್ಲಿ ಕೇಳುತ್ತಿದ್ದಳು.

ಆ ಭಾನುವಾರದ ಕಾದಂಬರಿಯಲ್ಲಿ ಕುಡುಕ ಅಂಬಿಗನೊಬ್ಬ ಹುಡುಗನೊಬ್ಬನನ್ನು ಹುಟ್ಟುಗೋಲಿನಿಂದ ಬಡಿದು ಕೊಲ್ಲುತ್ತಾನೆ. ಆಮೇಲೆ ಅವನು ಕಾಲಿಗೆ ಬಿದ್ದಾಗ ಹುಡುಗನ ತಾಯಿ ಕ್ಷಮಿಸುತ್ತಾಳೆ.

ಮಾತು ಶುರುವಾಗುವ ಮುಂಚೆ ಫಾದರ್ ಹಿಂದಿನ ಸಾಲಿನ ಬೋಳುತಲೆಯವನನ್ನು ತೋರಿಸಿ, "ಇವರು ಬಕ್ಕೇಶ್, ಶಾಮನೂರಿನವರು. ಜೈಲಿನ ಲೈಬ್ರರೀಲಿ ಪರಿಚಯ ಆದ್ರು, ಈಗಷ್ಟೇ ಬಿಡುಗಡೆ ಆಗಿದಾರೆ" ಎಂದರು. ಚೌರಿಯ ವಿಷಯ ಫಾದರ್‌ಗೆ ಗೊತ್ತಿರಲಿಲ್ಲ.

ಕೋರ್ಟಿನಲ್ಲಿ ಫಿಲೋಮಿನಾ ಕಂಡದ್ದು ಸಣಕಲು ಹುಡುಗನನ್ನು. ತಿರುಗಿ ನೋಡಿದಳು. ಅವೇ ಕಣ್ಣು.

"ಕ್ಷಮಿಸಿದ್ರೆ ಮನಸ್ಸು ಹಗುರ ಆಗ್ತೈತೆ ನೋಡ್ರಿ. ಆ ತಾಯಿ ದೊಡ್ಡೋಳು" ಎಂದರು ಕೂಟಕ್ಕೆ ಬರುತ್ತಿದ್ದ ರೂಪಶ್ರೀ ಟೀಚರ್.

"ಹಂಗಲ್ರಿ" ಎಂದ ಬಕ್ಕೇಶ್, ತಲೆ ತಗ್ಗಿಸಿಕೊಂಡೇ. "ಅಂಬಿಗ ಹೋಗಿ ಕ್ಷಮೆ ಕೇಳಬಾರ್ದಿತ್ತು. ಸತ್ತೋರ ಮನೇಗೆ ಹೋಗಿ ಇನ್ನೂ ಏನಾರ ಕೊಡ್ರಿ ಅಂತ ಕೈ ಚಾಚಿದಂಗಾತು."

ಮಾತು ಸರಿಯಾಗಿತ್ತು. ಅದನ್ನು ಇವನು ಆಡಿದನಲ್ಲ ಎಂದು ಅವಳ ಮೈ ಉರಿದುಹೋಯಿತು. ಎದ್ದವಳೇ ಕೂತಿದ್ದ ಕಬ್ಬಿಣದ ಕುರ್ಚಿಯನ್ನೆತ್ತಿ, ಹಿಂದಿನ ಸಾಲಿಗೆ ನುಗ್ಗಿ ಅವನ ತಲೆಗೆ ಬೀಸಿದಳು. ಹುಬ್ಬು ಸೀಳಿ ರಕ್ತ ಚಿಮ್ಮಿತು. ಮುಂದಿನ ಏಟು ಹೆಗಲಿಗೆ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ಎತ್ತೋ ಕೈ! ಅವತ್ತು ಎತ್ತಿದ್ಯಲ್ಲ, ಈಗ್ಯಾಕ ಎತ್ತವಲ್ಲಿ?" ಎಂದು ಕಿರುಚುತ್ತ, ನೆಲಕ್ಕುರುಳಿದವನ ಎದೆಗೆ ಒದ್ದಳು. ನುಜತ್ ಮತ್ತು ಫಾದರ್ ಸೇರಿ ಹಿಡಿದೆಳೆಯುವಷ್ಟರಲ್ಲಿ ಅವಳ ಸೀರೆಯ ನೆರಿಗೆಯೆಲ್ಲ ಕೆಂಪಾಗಿತ್ತು.

"ಯಾರೇ ಇವ್ನು?" ಎಂದಳು ನುಜತ್.

"ಚೌರೀನ ಕೊಂದೋನು."

ಬಕ್ಕೇಶ್ ಪೊಲೀಸರಿಗೆ ಮೆಟ್ಟಿಲಿಂದ ಜಾರಿಬಿದ್ದೆ ಎಂದು ಹೇಳಿದ. ಅದು ಕಿವಿಗೆ ಬಿದ್ದದ್ದೇ ಫಿಲೋಮಿನಾ ಠಾಣೆಗೆ ನುಗ್ಗಿದಳು. "ನನ್ನ ಬಚಾವ್ ಮಾಡಾಕೆ ಅವನ್ಯಾರ್ರೀ? ನಾನೇ ಹೊಡೆದೀನಿ. ಸಾಯ್ಲಿ ಅಂತಾನೇ ಹೊಡೆದೀನಿ. ಬರ್ಕೊಳ್ರಿ!"

ಬರೆದುಕೊಂಡರು. ಕೇಸಾಯಿತು. ಆಸ್ಪತ್ರೆಯವರು ಕೆಲಸದಿಂದ ತೆಗೆದರು. ನುಜತ್‌ಳ ಗಂಡ ಸೈಫುಲ್ಲಾ ಜಾಮೀನು ನಿಂತ. ಫಿಲೋಮಿನಾ ದೇವರಾಜ ಅರಸು ಬಡಾವಣೆಯ ಮೆಸ್ಸೊಂದರಲ್ಲಿ ರೊಟ್ಟಿ ಬಡಿಯತೊಡಗಿದಳು.

ಬೇಸಿಗೆ ಕಳೆದ ಮೇಲೆ ಅವಳು ಮತ್ತೆ ಕೂಟಕ್ಕೆ ಹೋದಳು.

"ನಂಗೆ ಗೊತ್ತಿರ್ಲಿಲ್ಲಮ್ಮ" ಎಂದರು ಫಾದರ್.

"ಗೊತ್ತಿದ್ರೆ ಅವನ್ನ ಕರೀತಿರ್ಲಿಲ್ಲೇನ್ರಿ?"

ಬಕ್ಕೇಶ್ ಇನ್ನು ಬರುವುದಿಲ್ಲ, ಅವನ ಕೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ ಎಂದಷ್ಟೇ ಫಾದರ್ ಹೇಳಿದರು. ಫಿಲೋಮಿನಾ ಎದೆಯೊಳಗೆ ತಡಕಾಡಿದಳು. ಖುಷಿಯೂ ಸಿಗಲಿಲ್ಲ, ಮರುಕವೂ ಸಿಗಲಿಲ್ಲ.

"ನಿಮ್ಮ ತಮ್ಮ ಹೆಂಗಿದ್ದ?" ಎಂದು ರೂಪಶ್ರೀ ಟೀಚರ್ ಮೆಲ್ಲಗೆ ಕೇಳಿದರು.

ಇಷ್ಟು ವರ್ಷ ಎಲ್ಲರೂ ಕೇಳಿದ್ದು ಅವನು ಹೆಂಗೆ ಸತ್ತ ಎಂದು.

"ಮುಂಗೋಪಿ ಕಣ್ರಿ" ಎಂದಳು. "ರಾಗ ಬರ್ತಿರ್ಲಿಲ್ಲ, ಆದ್ರೂ ಪೂಜೇಲಿ ಎಲ್ರಿಗಿಂತ ಜೋರಾಗಿ ಹಾಡೋನು. ಒಂದ್ಸಲ ನನ್ ಕೆನ್ನೆಗೂ ಬಿಟ್ಟಿದ್ದ. ಆಮ್ಯಾಲೆ ತಾನೇ ಹೊಸ್ತಿಲ ಹೊರಗ ಕುಂತು ಅತ್ತಿದ್ದ, ನಾನು ಒಳಗ ಕರ್ಯೋವರ್ಗೂ."

ಟೀಚರ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಇನ್ನೂ ಹೇಳ್ರಿ."