ಮೂರನೇ ಸಲಕ್ಕೆ ಓ ಅನ್ನುವ ಮನೆ

ಅಡುಗೆಮನೆಯ ಹೊಸಿಲ ಹತ್ತಿರ ಕೂತು ಅವರೆಕಾಳು ಹಿತುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಗುರಿ ತಪ್ಪಿದರೆ ನಡುಮನೆಯಲ್ಲಿ ಅತ್ತೆ ಮಲಗುವ ಮಂಚದ ಕೆಳಗೂ ಹೋಗುತ್ತದೆ. ಆಗ ನಮ್ಮ ಯಜಮಾನರು ಮೇಟಗಳ್ಳಿಯ ಕಾರ್ಖಾನೆಯಿಂದ ಬೆಳಗಿನ ಪಾಳಿ ಮುಗಿಸಿ ಬಂದರು. ಚಪ್ಪಲಿ ಬಿಡುವ ಮುಂಚೆಯೇ, "ಜಾಗ ಸಿಕ್ಬುಡ್ತು ಕಣೇ!" ಅಂದರು.

"ಯಾವ ಜಾಗ?" ಅಂದೆ.

ಉತ್ತರ ಬರಲಿಲ್ಲ. ಕಾಲು ತೊಳೆಯಲು ಹಿತ್ತಲಿಗೆ ಹೋದರು. ವಾಪಸ್ಸು ಬಂದು, ಟವಲಲ್ಲಿ ಮುಖ ಒರೆಸಿಕೊಳ್ಳುತ್ತಾ ತಾವಾಗಿಯೇ ಹೇಳಿದರು. ಯಾದವಗಿರಿಯಲ್ಲಿ ಒಂದು ಹಳೇ ಬಂಗಲೆ, ಅದರ ಕಾರು ನಿಲ್ಲಿಸುವ ಶೆಡ್ಡು ಖಾಲಿ ಇದೆಯಂತೆ, ಬೀದಿಗೆ ಬಾಗಿಲಿದೆಯಂತೆ. ಅಲ್ಲಿ ಕಾರಿಗೆ ಟೇಪ್ ರೆಕಾರ್ಡರ್, ಸ್ಪೀಕರು ಕೂರಿಸಿಕೊಡುವ ಅಂಗಡಿ ಇಡುವುದು. ಜೊತೆಗೆ ನನ್ನ ತಮ್ಮ. ಅವನು ಕೆಸರೆಯಲ್ಲಿ ಕಾರುಗಳ ಎಲೆಕ್ಟ್ರಿಕ್ ಕೆಲಸ ಮಾಡಿಕೊಂಡಿದ್ದ.

ತೊಂಬತ್ತರ ದಶಕದ ನಡುವಿನ ಮಾತು ಇದು. ಮೈಸೂರಲ್ಲಿ ಸಣ್ಣ ಕಾರುಗಳು ಆಗ ತಾನೇ ಹೆಚ್ಚಾಗುತ್ತಿದ್ದವು, ಕಾರು ತಗೊಂಡವರಿಗೆಲ್ಲ ಅದರಲ್ಲಿ ಹಾಡು ಬೇಕಿತ್ತು. ಕಾರ್ಖಾನೆಯವರೂ ಇಷ್ಟವಿದ್ದವರು ಬಿಟ್ಟು ಹೋಗಬಹುದು ಅಂತ ಅರ್ಜಿ ಹಂಚಿದ್ದರು. ಒಂದು ಸಲ ಬರೆದುಕೊಟ್ಟರೆ ಮುಗಿಯಿತು, ವಾಪಸ್ಸು ಕರೆಯುವುದಿಲ್ಲ. ಮನೆಯಲ್ಲಿ ದುಡಿಯುತ್ತಿದ್ದವರು ಅವರೊಬ್ಬರೇ. ಅಂಗಡಿ ಕೈಹಿಡಿಯದಿದ್ದರೆ ನಮಗೆ ಇನ್ನೊಂದು ದಾರಿ ಇರಲಿಲ್ಲ.

"ಇಷ್ಟು ವರ್ಷ ಆ ಪ್ರೆಸ್ ಮಿಷನ್ನುಗಳ ಗಲಾಟೆ ಕೇಳಿದ್ದಾಯ್ತು," ಅಂದರು. "ಇನ್ಮೇಲೆ ಕೂತ್ಕೊಂಡು ಹಾಡು ಕೇಳ್ತೀನಿ."

ಹಾಗೆ ಹೇಳುವಾಗ ಅವರ ಮುಖದಲ್ಲಿದ್ದ ಖುಷಿ ಕಂಡು ನಾನು ಬೇಡ ಅನ್ನಲಿಲ್ಲ. ಶಿವ ಒಂದು ಬಾಗಿಲು ತೋರಿಸಿದ್ದಾನೆ ಅಂದುಕೊಂಡೆ.

ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಹೊರಗಿನಿಂದ ಕರೆದ ಹಾಗಾಗಿ "ಓ, ಬಂದೆ" ಅಂದೆ. ಅತ್ತೆ ಓಡಿ ಬಂದು ನನ್ನ ಬಾಯಿ ಮುಚ್ಚಿದರು.

"ಮೊದಲನೇ ಸಲಕ್ಕೆ ಓ ಅನ್ಬಾರ್ದು ಕಣಮ್ಮಿ. ಮನುಸ್ರಾದ್ರೆ ಮೂರು ಸಲ ಕರೀತಾರೆ. ಅದು ಎರಡೇ ಸಲ ಕರೆಯೋದು."

ಅದು ಅಂದರೆ ಏನು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀದಿಯಲ್ಲಿ ಕೆಲವರು ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದುಕೊಂಡಿದ್ದರು, ರಾತ್ರಿ ಬಂದು ಕರೆಯುವಂಥದ್ದು ಅದನ್ನು ಓದಿ ಹಿಂದಿರುಗಲಿ ಅಂತ. ನಮ್ಮ ಮನೆಗೆ ಆ ಬರಹ ಬೇಕಾಗಲಿಲ್ಲ, ಅತ್ತೆಯ ಮಾತೇ ಸಾಕಾಗಿತ್ತು. ಎಷ್ಟೋ ವರ್ಷ ನಮ್ಮಲ್ಲಿ ಯಾರೂ ಮೂರನೇ ಸಲ ಕರೆಯುವ ತನಕ ಓ ಅಂದವರಲ್ಲ. ಯಜಮಾನರಂತೂ ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದರು. "ರೀ" ಅಂತ ಕರೆದರೆ ತಿರುಗುತ್ತಿರಲಿಲ್ಲ. ಮತ್ತೆ "ರೀ" ಅಂದರೂ ಇಲ್ಲ. ಹತ್ತಿರ ಹೋಗಿ ಸ್ವಲ್ಪ ಗಟ್ಟಿಯಾಗಿ ಮೂರನೇ ಸಲ ಕರೆದರೆ "ಓ" ಅನ್ನುತ್ತಿದ್ದರು. ತಾಯಿ ಮಾತು ಮೀರದ ಮಗ ಅಂತ ನನಗೆ ಒಳಗೊಳಗೇ ಹೆಮ್ಮೆ.

ಶೆಡ್ಡು ನೋಡಲು ನನ್ನನ್ನೂ ಕರೆದುಕೊಂಡು ಹೋದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗಲ್ಲಿ ಒಂದು ಹೂವು ಕಟ್ಟಿಕೊಂಡು ಹೋದೆ. ಹೊರಗೆ ಅಷ್ಟು ಬಿಸಿಲಿದ್ದರೂ ಒಳಗೆ ಕಾಲಿಟ್ಟ ಕೂಡಲೇ ತಣ್ಣಗಾಯಿತು. ನೆಲದ ಮೇಲೆ ಎಣ್ಣೆಯ ಕಲೆ ಕಾರಿನ ಆಕಾರದಲ್ಲೇ ಉಳಿದಿತ್ತು, ಕಾರು ಇನ್ನೂ ಅಲ್ಲೇ ನಿಂತಿದೆ, ನಮಗೆ ಕಾಣುತ್ತಿಲ್ಲ ಅಷ್ಟೇ ಅನ್ನುವ ಹಾಗೆ. ನಾನು ಅದನ್ನು ದಾಟದೆ ಸುತ್ತಿ ಹೋದೆ. ಇವರು ಗೋಡೆ ತಟ್ಟಿ ನೋಡುತ್ತಾ, "ಇಲ್ಲಿ ಸ್ಪೀಕರ್ ಸಾಲು, ಅಲ್ಲಿ ಒಂದು ಬೆಂಚು," ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಬಂಗಲೆಯ ಯಜಮಾನಿ, ವಯಸ್ಸಾದ ಹೆಂಗಸು, ಹಿಂದಿನಿಂದ ಬಂದು, "ಸ್ವಾಮಿ, ಆ ಕಿಟಕಿ ಮುಟ್ಬೇಡಿ, ಗಾಜು ಸಡಿಲ ಇದೆ," ಅಂದರು. ಇವರು ತಿರುಗಲಿಲ್ಲ. ಆಕೆ ಮತ್ತೆ ಹೇಳಿದರು. ಆಗಲೂ ಇಲ್ಲ. ಆಕೆಯ ಮುಖ ಬಿಗಿಯಾಯಿತು. ನಾನು ನಕ್ಕು ನಮ್ಮ ಮನೆ ಪದ್ಧತಿ ಹೇಳಿದೆ.

"ಚೆನ್ನಾಗಿದೆ ಕಣಮ್ಮ," ಅಂದರು ಆಕೆ. "ಹಾಗಾದ್ರೆ ಅಂಗಡಿಗೆ ಬಂದ ಗಿರಾಕಿನೂ ಮೂರು ಸಲ ಕೂಗ್ಬೇಕಾ?"

ಇಬ್ಬರೂ ನಕ್ಕೆವು. ಇವರು ಕಿಟಕಿ ಹತ್ತಿರ ನಿಂತು ಹೊರಗೆ ನೋಡುತ್ತಲೇ ಇದ್ದರು.

ಅದಾದ ಮೇಲೆ ತಮ್ಮ ಒಂದು ಹಳೇ ಕಾರ್ ಸ್ಟೀರಿಯೋ ತಂದುಕೊಟ್ಟ, ಭಾವ ಕೈ ಪಳಗಿಸಿಕೊಳ್ಳಲಿ ಅಂತ. ಗುಜರಿಯಿಂದ ತಂದದ್ದು. "ಯಾವ ಗಾಡೀದು?" ಅಂತ ಕೇಳಿದೆ. "ಅದನ್ನೆಲ್ಲ ಕೇಳ್ಬಾರ್ದು ಅಕ್ಕ," ಅಂದ. ಆ ಉತ್ತರ ನನಗೆ ಹಿಡಿಸಲಿಲ್ಲ. ಒಳಗೆ ಒಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಏನು ಮಾಡಿದರೂ ಹೊರಗೆ ಬರಲಿಲ್ಲ, ಆದರೆ ತಿರುಗುತ್ತಿತ್ತು. ಇವರು ಹಿಂದಿನ ಕೋಣೆಯ ಮೇಜಿನ ಮೇಲೆ ಕಾರ್ ಬ್ಯಾಟರಿ ಇಟ್ಟು, ಮರದ ಪೆಟ್ಟಿಗೆಗೆ ಎರಡು ಸ್ಪೀಕರು ಕೂರಿಸಿ, ತಂತಿ ಕೊಟ್ಟರು. ಯಾರೋ ಮನೆಯಲ್ಲೇ ತುಂಬಿಕೊಂಡ ಭಜನೆಗಳು ಬಂದವು. ಜೋರಾಗಿ ಇಡುತ್ತಿದ್ದರು. ಪಕ್ಕದ ಮನೆಯವರು ಬಂದು ಹೇಳಿದ್ದಕ್ಕೆ, "ಅಂಗಡಿ ಇಡೋರು ಮೆಲ್ಲಗೆ ಇಟ್ರೆ ಆಯ್ತದಾ?" ಅಂದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು, ಪಕ್ಕದ ಮನೆಯ ರೇಡಿಯೋ ನಿಂತಿತು, ಫ್ರಿಜ್ಜಿನ ಗುಂಯ್ ಅನ್ನುವುದೂ ನಿಂತಿತು. ಬ್ಯಾಟರಿಯ ಮೇಲಿದ್ದ ಭಜನೆ ಮಾತ್ರ ನಡೆಯುತ್ತಿತ್ತು. ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದೆ. ಒಂದು ಹಾಡು ಮುಗಿಯಿತು. ಇನ್ನೊಂದು ಶುರುವಾಗುವ ಮುಂಚಿನ ಆ ಖಾಲಿ ಜಾಗದಲ್ಲಿ, ಬಹಳ ದೂರದಿಂದ, ತೆಳ್ಳಗೆ, ಒಬ್ಬ ಹೆಂಗಸು ಕರೆದಳು.

"ರೀ... ಬಾಗಿಲು ತೆಗೀರಿ."

ಕೈ ನಿಂತಿತು. ಮತ್ತೆ ಬಂತು, ಅದೇ ಮಾತು. "ರೀ... ಬಾಗಿಲು ತೆಗೀರಿ." ಆಮೇಲೆ ಭಜನೆ ಜೋರಾಗಿ ಶುರುವಾಯಿತು.

ನಾನು ಎದ್ದು ಹೋಗಿ ಮುಂಬಾಗಿಲು ತೆಗೆದೆ. ಯಾರೂ ಇಲ್ಲ. ಬೆಳಗ್ಗೆ ಹಾಕಿದ ರಂಗೋಲಿ ಹಾಗೇ ಇತ್ತು. ಎದುರು ಮನೆಯ ಜಗಲಿ ಮೇಲೆ ಮಲಗಿದ್ದ ನಾಯಿ ತಲೆ ಎತ್ತಿ ನೋಡಿತು. ನನ್ನನ್ನಲ್ಲ, ನನ್ನ ಪಕ್ಕಕ್ಕೆ. ಬಾಗಿಲು ಹಾಕಿಕೊಂಡೆ.

"ಯಾರೋ ಕರೆದ್ರಲ್ಲ?" ಅಂತ ಇವರನ್ನು ಕೇಳಿದೆ. ಮೇಜಿಗೆ ಮೊಣಕೈ ಊರಿಕೊಂಡು ಸ್ಪೀಕರಿನ ಮುಂದೆಯೇ ಕೂತಿದ್ದರು.

"ಯಾರೂ ಇಲ್ಲ ಕಣೇ. ಹಾಡು ಮುಗಿದಿತ್ತು, ಅಷ್ಟೇ."

ಮಾರನೇ ದಿನ ಅದೇ ಜಾಗದಲ್ಲಿ ಅದೇ ದನಿ. ಅದರ ಮಾರನೇ ದಿನವೂ. ನನಗೆ ಮಾತ್ರ ಕೇಳಿಸುತ್ತದೆ, ಅಷ್ಟು ಹತ್ತಿರ ಕೂತವರಿಗೆ ಕೇಳಿಸುವುದಿಲ್ಲ. ಅತ್ತೆಗಂತೂ ವಯಸ್ಸಾಗಿ ಕಿವಿ ಹೋಗಿ ಆಗಲೇ ಬಹಳ ಕಾಲ. ಅವರ ಹತ್ತಿರ ಬಾಗಿ ವಿಷಯ ಕೂಗಿ ಹೇಳಿದೆ.

"ಎಷ್ಟ್ ಸಲ ಕರೀತದೆ?" ಅಂದರು.

"ಎರಡು ಸಲ."

ಅತ್ತೆ ಎದೆಯ ಮೇಲಿದ್ದ ಲಿಂಗವನ್ನು ಹಿಡಿದುಕೊಂಡರು. "ಓ ಅಂದ್ಯಾ?"

"ಇಲ್ಲ ಅತ್ತೆ."

"ಅಂಗಾದ್ರೆ ಬದುಕ್ದೆ ಬುಡು. ಬಾಗ್ಲು ಯಾಕ್ ತೆಗೆದೆ?"

ಸ್ನಾನ ಮಾಡಿ ಬಂದು ಆ ಸ್ಟೀರಿಯೋ ಸೆಟ್ಟಿಗೆ ಮೂರು ಗೆರೆ ವಿಭೂತಿ ಎಳೆದೆ. ಇವರು ನೋಡಿ, "ಏನೇ, ಸೆಟ್ಟಿಗೂ ದೀಕ್ಷೆ ಕೊಟ್ಬುಟ್ಯಾ?" ಅಂತ ನಕ್ಕರು. ನಾನು ನಗಲಿಲ್ಲ. ನನಗೆ ಇನ್ನೂ ಒಂದು ಭಯವಿತ್ತು, ಅದನ್ನು ಅತ್ತೆಗೂ ಹೇಳಿರಲಿಲ್ಲ. ಆ ದನಿ ನನ್ನದೇ ಇದ್ದ ಹಾಗಿತ್ತು. ಹೆಸರು ಹಿಡಿದು ಕರೆದಿದ್ದರೆ ಯಾರ ಹೆಂಡತಿ ಯಾರನ್ನು ಕರೆಯುತ್ತಿದ್ದಾಳೆ ಅಂತ ತಿಳಿಯುತ್ತಿತ್ತು. "ರೀ" ಅನ್ನುವುದರಲ್ಲಿ ಯಾರ ಹೆಸರೂ ಇಲ್ಲವಲ್ಲ. ಯಾವ ಮನೆಯ ಬಾಗಿಲಲ್ಲಿ ನಿಂತು ಕರೆದರೂ ಆ ಮನೆಯವರಿಗೇ ಕರೆದ ಹಾಗೆ. ಕೆಲವು ದಿನ ನಾನು ಇವರನ್ನು ಹಾಗೆ ಕರೆಯುವುದನ್ನೇ ಬಿಟ್ಟೆ. "ಏನೂಂದ್ರೆ" ಅನ್ನುತ್ತಿದ್ದೆ.

ಸೋಮವಾರ ಅರ್ಜಿ ಕೊಡುವುದು ಅಂತ ತೀರ್ಮಾನವಾಯಿತು. ಸಹಿ ಹಾಕಿದ ಕಾಗದವನ್ನು ದೇವರ ಪಟದ ಕೆಳಗೆ ಇಟ್ಟರು. ಭಾನುವಾರ ಮಧ್ಯಾಹ್ನ ಊಟಕ್ಕೆ ತಮ್ಮ ಬಂದ. ಕೈ ತೊಳೆದು ಹಿಂದಿನ ಕೋಣೆಗೆ ಹೋಗಿ, "ಎಲ್ಲಿ ಭಾವ, ನಿಮ್ಮ ಕೆಲಸ ನೋಡೋಣ," ಅಂದ. ಇವರು ಹಾಕಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಹಾಡು ಮುಗಿಯಿತು.

"ರೀ... ಬಾಗಿಲು ತೆಗೀರಿ."

ತಮ್ಮ ತಲೆ ಎತ್ತಿದ. "ಯಾರೋ ಹೆಂಗಸು ಮಾತಾಡ್ದಂಗಾಯ್ತಲ್ಲ?"

ನನಗೆ ಹೋದ ಜೀವ ಬಂದ ಹಾಗಾಯಿತು. "ನಿಂಗೂ ಕೇಳ್ತಾ?"

"ಕೇಳ್ದೆ ಏನು? ನಿನ್ ದನಿ ಇದ್ದಂಗೇ ಅದೆ." ನನ್ನ ಮುಖ ನೋಡಿ ನಗತೊಡಗಿದ. "ಅಯ್ಯೋ, ದೆವ್ವ ಅಂದ್ಕೊಂಡ್ಯಾ? ಹಳೇ ರೆಕಾರ್ಡಿಂಗ್ ಮೇಲೆ ಹೊಸದು ತುಂಬವ್ರೆ ಅಕ್ಕ. ಪೂರ್ತಿ ಅಳಿಸಿಲ್ಲ. ಯಾರೋ ಟೇಪು ಆನ್ ಮಾಡಿಟ್ಟಿದ್ದಾಗ ಅವರ ಮನೆಯೋರು ಬಂದು ಕೂಗಿರ್ಬೇಕು."

ಶಿವಾ, ಇಷ್ಟೇನಾ ಅಂತ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಯಜಮಾನರು ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ಎಲ್ಲಿ?" ಅಂದರು.

ತಮ್ಮ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಹೆಂಗಸು ಎರಡು ಸಲ ಕರೆದಳು.

"ಎಲ್ಲಿ? ಇಬ್ರೂ ಸೇರ್ಕೊಂಡು ಆಟ ಆಡ್ಸ್ತಿದೀರಾ?"

ಇನ್ನೊಂದು ಸಲ. ಈಗ ಕಿವಿಯನ್ನು ಸ್ಪೀಕರಿಗೇ ಒತ್ತಿ ಹಿಡಿದರು. ಅವಳು ಅವರ ಕಿವಿಯೊಳಗೇ ಕರೆದಳು, ಅನ್ನಬೇಕು. ಅವರ ರೆಪ್ಪೆ ಕೂಡ ಅಲುಗಲಿಲ್ಲ.

ತಮ್ಮ ನಗು ನಿಲ್ಲಿಸಿದ. ಸೆಟ್ಟು ಆರಿಸಿ, ಅವರ ಬೆನ್ನ ಹಿಂದೆ ಹೋಗಿ ನಿಂತು, ನನ್ನ ಮುಖ ನೋಡುತ್ತಾ ಮೆಲ್ಲಗೆ ಕರೆದ.

"ಭಾವ."

ಇವರು ಸ್ಪೀಕರಿನ ತಂತಿ ನೋಡುತ್ತಿದ್ದರು.

"ಭಾವ."

ಹಿತ್ತಲಲ್ಲಿ ನಲ್ಲಿಯಿಂದ ನೀರು ತೊಟ್ಟಿಕ್ಕುವುದು ನನಗೆ ಕೇಳಿಸುತ್ತಿತ್ತು. ಮೂರನೇದಕ್ಕೆ ತಿರುಗುತ್ತಾರೆ, ನಮ್ಮ ಮನೆ ಪದ್ಧತಿ ಅಲ್ಲವಾ, ಅಂತ ಕಾದೆ.

"ಭಾವ."

ಮೂರು ಸಲ ಆಗಿತ್ತು. ಅವರು ತಿರುಗಲಿಲ್ಲ. ನಮ್ಮ ಪಕ್ಕದಲ್ಲೇ ಕೂತಿದ್ದ ಮನುಷ್ಯ ಇನ್ನೆಲ್ಲೋ ಒಂದು ಮನೆಯಲ್ಲಿ, ಬಾಗಿಲು ಹಾಕಿಕೊಂಡು ಒಬ್ಬರೇ ಕೂತ ಹಾಗೆ ಕಂಡರು. ಆ ದನಿಗೆ ನಾನು ಅಷ್ಟು ದಿನ ಹೆದರಿದ್ದು ಈ ಹೆದರಿಕೆಯ ಮುಂದೆ ಏನೂ ಅಲ್ಲ.

ಆಮೇಲೆ ಡಾಕ್ಟರು ಕಿವಿ ನೋಡಿ ಹೇಳಿದರು. ವರ್ಷಗಟ್ಟಲೆ ಮಿಷನ್ನಿನ ಸದ್ದಿನಲ್ಲಿ ನಿಂತು ಸಣ್ಣ ದನಿ, ತೆಳು ದನಿ ಕೇಳುವ ಶಕ್ತಿ ಹೋಗಿದೆ, ಅದು ಮತ್ತೆ ಬರುವಂಥದ್ದಲ್ಲ ಅಂತ. ಇವರು ಕಾರ್ಖಾನೆಯಲ್ಲೇ ಸದ್ದಿಲ್ಲದ ಸ್ಟೋರ್ಸಿಗೆ ಹಾಕಿಸಿಕೊಂಡು, ಅಲ್ಲಿಂದಲೇ ನಿವೃತ್ತರಾದರು. ದೊಡ್ಡ ಸದ್ದು ಕೇಳುತ್ತದೆ, ಪೂಜೆಯ ಜಾಗಟೆ ಕೇಳುತ್ತದೆ, ನಾನು ಎದುರಿಗೆ ನಿಂತು ಆಡಿದ ಮಾತು ಕೇಳುತ್ತದೆ. ಭಾನುವಾರದ ಬದಲು ನನ್ನ ತಮ್ಮ ಮಂಗಳವಾರ ಊಟಕ್ಕೆ ಬಂದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡು, ಭಾನುವಾರವೇ ಅವನನ್ನು ಕಳಿಸಿದ ಶಿವನಿಗೆ ಈಗಲೂ ಕೈ ಮುಗಿಯುತ್ತೇನೆ.

ಆ ಭಾನುವಾರ ತಮ್ಮ ಹೊರಟ ಮೇಲೆ ಇವರು ಬಹಳ ಹೊತ್ತು ಆ ಕೋಣೆಯಲ್ಲೇ ಇದ್ದರು. ನಾನು ಹೋಗಿ ಎದುರಿಗೆ ಕೂತೆ.

"ಅವಳು ಏನಂತಾಳೆ, ಹೇಳು," ಅಂದರು.

ಅವರು ಹಾಡು ಹಾಕಿ, ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡರು. ಅವಳು ಕರೆದಾಗ ಅವಳ ಜೊತೆಗೇ ನಾನೂ ಹೇಳಿದೆ, "ರೀ, ಬಾಗಿಲು ತೆಗೀರಿ." ಎರಡು ದನಿಯಲ್ಲಿ ಯಾವುದು ನನ್ನದು ಅಂತ ನನಗೇ ಗೊತ್ತಾಗಲಿಲ್ಲ.

"ಆಮೇಲೆ?"

"ಇನ್ನೊಂದು ಸಲ ಅದೇ."

"ಮೂರನೇ ಸಲ?"

"ಇಲ್ಲ. ಅಷ್ಟರಲ್ಲಿ ಭಜನೆ ಬಂದ್ಬುಡುತ್ತೆ."

ಅವರು ಬ್ಯಾಟರಿಯ ತಂತಿ ಕಿತ್ತರು. "ನೀನು ನನ್ನ ಎಷ್ಟು ಸಲ ಕರೀತಿದ್ದೆ?" ಅಂದರು.

"ಮೂರು. ನಿಮಗೆ ಗೊತ್ತಲ್ಲ."

"ನಂಗೆ ಒಂದೇ ಕೇಳ್ತಿತ್ತು," ಅಂದರು. "ಅವ್ವನ ಮಾತು ಮೀರಿ, ನಿನಗೆ ಮಾತ್ರ ಮೊದಲನೇ ಸಲಕ್ಕೇ ಓ ಅಂತಿದ್ದೀನಿ ಅಂತ ಅಂದ್ಕೊಂಡಿದ್ದೆ."

ಎದ್ದು ದೇವರ ಕೋಣೆಗೆ ಹೋದರು. ಪಟದ ಕೆಳಗಿದ್ದ ಅರ್ಜಿ ತೆಗೆದು, ನಾಲ್ಕಾಗಿ ಹರಿದು ನನ್ನ ಕೈಗೆ ಕೊಟ್ಟರು. ಶೆಡ್ಡಿನ ಮಾತನ್ನು ಆಮೇಲೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕತ್ತಲಾಗುತ್ತಾ ಬಂದಿತ್ತು. ಕಾಯಿಸಿಟ್ಟ ಹಾಲು ಅಡುಗೆಮನೆಯಲ್ಲಿ ಆರುತ್ತಿತ್ತು. ಬೆರಳಿಟ್ಟು ನೋಡಿದೆ, ಉಗುರುಬೆಚ್ಚಗಿತ್ತು. ಮಜ್ಜಿಗೆಯ ಗಿಂಡಿಗೆ ಕೈ ಹಾಕುವ ಹೊತ್ತಿಗೆ ಹಿಂದಿನ ಕೋಣೆಯಿಂದ ಯಾರೋ ಒಂದು ಸಲ, ತೆಳ್ಳಗೆ, ಕರೆದ ಹಾಗಾಯಿತು. ಕಿತ್ತ ತಂತಿ ಮೇಜಿನ ಮೇಲೆ ಬಿದ್ದಿತ್ತು. ಯಜಮಾನರು ಜಗಲಿಯ ಮೇಲಿದ್ದರು, ಅತ್ತೆ ನಿದ್ದೆಯಲ್ಲಿದ್ದರು. ಕೇಳಿಸಿಕೊಳ್ಳಲು ಮನೆಯಲ್ಲಿ ನಾನೊಬ್ಬಳೇ.

ಓ ಅನ್ನಲಿಲ್ಲ. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ, ಕಲಕಿ, ತಟ್ಟೆ ಮುಚ್ಚಿದೆ.